ತರಗತಿಯಲ್ಲಿ ಮಾಧ್ಯಮ ಸಾಕ್ಷರತೆ: ಯಾವ ದಾರಿ ಯಾವ ಶಾಲೆಗೆ?

ಸುಳ್ಳು ಸುದ್ದಿಯನ್ನು ಗುರುತಿಸುವುದನ್ನು ಶಾಲೆಯಲ್ಲೇ ಕಲಿಸಬೇಕು ಎಂಬ ಬಗ್ಗೆ ಈಗ ಶಿಕ್ಷಕರಲ್ಲಿ ಎರಡು ಮಾತಿಲ್ಲ. ಹೇಗೆ ಕಲಿಸಬೇಕು ಎಂಬಲ್ಲಿಗೆ ಬಂದಾಗ ದಾರಿ ಕವಲೊಡೆಯುತ್ತದೆ. ಪರಿಣತರೊಬ್ಬರನ್ನು ಕರೆಸಿ ಒಂದು ದಿನದ ಕಾರ್ಯಾಗಾರ ನಡೆಸಬಹುದು. ವೇಳಾಪಟ್ಟಿಯಲ್ಲಿ ಪ್ರತ್ಯೇಕ ಅವಧಿ ಇಡಬಹುದು. ದಿನಪತ್ರಿಕೆ ಹಿಡಿದು ಕಲಿಸಬಹುದು, ಕಂಪ್ಯೂಟರ್ ಕೊಠಡಿಗೆ ಕರೆದುಕೊಂಡು ಹೋಗಿ ಕಲಿಸಬಹುದು, ಆಟ ಆಡಿಸಬಹುದು, ಮಕ್ಕಳಿಂದಲೇ ಗೋಡೆ ಪತ್ರಿಕೆ ಬರೆಸಬಹುದು. ಎಲ್ಲವನ್ನೂ ಮಾಡಲು ಯಾವ ಶಾಲೆಗೂ ಪುರುಸೊತ್ತಿಲ್ಲ. ಎಂಟರಿಂದ ಹತ್ತನೇ ತರಗತಿಗೆ ಕಲಿಸುತ್ತಾ, ಪಠ್ಯ ಮುಗಿಸುವ ಒತ್ತಡದಲ್ಲೇ ವರ್ಷ ಕಳೆಯುವ ಶಿಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹೋಲಿಕೆ ಮಾಡಿದ್ದೇನೆ. ನಾನು ಕಲಿಸುವುದು ಸಮಾಜ ವಿಜ್ಞಾನ. ಉದಾಹರಣೆಗಳು ಆ ಕಡೆಗೆ ತುಸು ವಾಲಿದ್ದರೆ ಕಾರಣ ಅದೇ.

ಈ ಪಾಠದ ಅಗತ್ಯವನ್ನು ನಮ್ಮ ರಾಜ್ಯ ಕಣ್ಣಾರೆ ಕಂಡಿದೆ. 2012ರ ಆಗಸ್ಟ್‌ನಲ್ಲಿ ದಾಳಿ ನಡೆಯಲಿದೆ ಎಂಬ ಎಸ್‌ಎಂಎಸ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದರು. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಅದೇ ವರ್ಷದ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ಸುಳ್ಳು ಗುಮಾನಿಯ ಮೇಲೆ ಅಮಾಯಕರನ್ನು ಗುಂಪುಗಳು ಹೊಡೆದು ಕೊಂದವು. ಆ ದಿನಗಳಲ್ಲಿ ದೇಶದ ತುಂಬ ಹರಿದಾಡಿದ ಒಂದು ವಿಡಿಯೊ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಕರಾಚಿಯಲ್ಲಿ ತಯಾರಾದದ್ದು. ಬೈಕಿನಲ್ಲಿ ಬಂದ ಇಬ್ಬರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ, ಮರುಕ್ಷಣವೇ ತಿರುಗಿ ಬಂದು ಮಗುವನ್ನು ಇಳಿಸುತ್ತಾರೆ, ಎಚ್ಚರಿಕೆಯ ಫಲಕ ಹಿಡಿಯುತ್ತಾರೆ. ಆ ಕೊನೆಯ ಭಾಗವನ್ನು ಕತ್ತರಿಸಿ, ಉಳಿದದ್ದನ್ನು ನಮ್ಮೂರಿನದೇ ಘಟನೆ ಎಂದು ಹಂಚಲಾಗಿತ್ತು. ವಾಟ್ಸ್‌ಆ್ಯಪ್ 2018ರ ಜುಲೈನಲ್ಲಿ ಭಾರತದ ಬಳಕೆದಾರರಿಗೆ ಒಂದು ಸಲಕ್ಕೆ ಐದೇ ಕಡೆಗೆ ಫಾರ್ವರ್ಡ್ ಮಾಡುವ ಮಿತಿ ಹಾಕಿತು. ಕಂಪನಿ ಮಾಡಬಹುದಾದದ್ದು ಅಷ್ಟು. ‘ಇದರ ಹಿಂದೆ ಮುಂದೆ ಏನಿತ್ತು?’ ಎಂದು ಕೇಳುವ ಅಭ್ಯಾಸ ಬೆಳೆಸಲು ಶಾಲೆಯೇ ಬೇಕು.

ಒಂದು ದಿನದ ಕಾರ್ಯಾಗಾರವೋ, ಬಿಡಿಬಿಡಿಯಾಗಿ ನಾಲ್ಕಾರು ಪಾಠವೋ?

ಹೆಚ್ಚಿನ ಶಾಲೆಗಳು ಮೊದಲು ಆರಿಸಿಕೊಳ್ಳುವುದು ಕಾರ್ಯಾಗಾರವನ್ನು. ಅದು ಸುಲಭ. ಒಬ್ಬ ಪತ್ರಕರ್ತರನ್ನೋ ಸೈಬರ್ ಠಾಣೆಯ ಅಧಿಕಾರಿಯನ್ನೋ ಆಹ್ವಾನಿಸಿದರೆ ಆಯಿತು. ಸಭಾಂಗಣ ತುಂಬುತ್ತದೆ, ಫೋಟೊ ಬರುತ್ತದೆ, ವರದಿ ಮೇಲಿನ ಕಚೇರಿಗೆ ಹೋಗುತ್ತದೆ. ಮಕ್ಕಳೂ ಆಸಕ್ತಿಯಿಂದ ಕೇಳುತ್ತಾರೆ. ಆದರೆ ಅದರಿಂದ ಏನು ಉಳಿಯುತ್ತದೆ ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲೇ ನಡೆದ ಎರಡು ಅಧ್ಯಯನಗಳು ಸ್ಪಷ್ಟವಾದ ಉತ್ತರ ಕೊಟ್ಟಿವೆ. ಎರಡೂ ಬಿಹಾರದಲ್ಲಿ ನಡೆದಂಥವು, ಎರಡರಲ್ಲೂ ರಾಜ್ಯಶಾಸ್ತ್ರಜ್ಞೆ ಸುಮಿತ್ರಾ ಬದ್ರಿನಾಥನ್ ಅವರ ಪಾತ್ರವಿದೆ.

ಮೊದಲನೆಯದು 2019ರ ಲೋಕಸಭಾ ಚುನಾವಣೆಯ ಹೊತ್ತಿನದು. 1,224 ಮಂದಿ ವಯಸ್ಕರು ಅದರಲ್ಲಿದ್ದರು. ಮನೆಗೆ ಹೋಗಿ, ಎದುರು ಕುಳಿತು, ಸುಮಾರು ಒಂದು ಗಂಟೆ ತರಬೇತಿ ಕೊಡಲಾಯಿತು. ಫೋಟೊದ ಮೂಲ ಹುಡುಕುವುದು, ಸುದ್ದಿಯ ನಿಜ ಸುಳ್ಳನ್ನು ಪರೀಕ್ಷಿಸುವ ಫ್ಯಾಕ್ಟ್‌ಚೆಕ್ ತಾಣಗಳನ್ನು ನೋಡುವುದು ಎಲ್ಲವನ್ನೂ ಹೇಳಿಕೊಡಲಾಯಿತು. ಒಟ್ಟಾರೆ ನೋಡಿದರೆ, ಸುಳ್ಳು ಸುದ್ದಿ ಗುರುತಿಸುವ ಶಕ್ತಿಯಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಒಂದು ಪಕ್ಷದ ಬೆಂಬಲಿಗರಲ್ಲಿ ತಮ್ಮ ಪಕ್ಷಕ್ಕೆ ಒಗ್ಗುವ ಸುಳ್ಳನ್ನು ಗುರುತಿಸುವ ಶಕ್ತಿ ತರಬೇತಿಯ ನಂತರ ಇನ್ನಷ್ಟು ತಗ್ಗಿತು.

ಎರಡನೆಯದು ಮಕ್ಕಳ ನಡುವೆ ನಡೆಯಿತು. ಬಿಹಾರ ಸರ್ಕಾರದ ಜೊತೆಗೂಡಿ 583 ಹಳ್ಳಿಗಳಲ್ಲಿ, ಎಂಟರಿಂದ ಹನ್ನೆರಡನೇ ತರಗತಿಯ 13,500ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಒಳಗೊಂಡು ಮಾಡಿದ ಪ್ರಯೋಗ ಅದು. ಒಂದೂವರೆ ಗಂಟೆಯ ನಾಲ್ಕು ಪಾಠಗಳನ್ನು ಒಟ್ಟಿಗೆ ಮುಗಿಸದೆ ಹದಿನಾಲ್ಕು ವಾರಗಳಿಗೆ ಹಂಚಲಾಯಿತು. ವಿಷಯ ಮುಖ್ಯವಾಗಿ ಆರೋಗ್ಯದ ಸುತ್ತ ಹಬ್ಬುವ ಸುಳ್ಳುಗಳು. ಈ ಸಲ ಫಲಿತಾಂಶ ಬೇರೆಯೇ ಬಂತು. ಮಕ್ಕಳು ನಿಜ ಸುಳ್ಳುಗಳನ್ನು ಬೇರ್ಪಡಿಸುವುದರಲ್ಲಿ ಸುಧಾರಿಸಿದರು, ನಾಲ್ಕು ತಿಂಗಳ ನಂತರವೂ ಆ ಸುಧಾರಣೆ ಉಳಿದಿತ್ತು. ಪಾಠದಲ್ಲಿ ಬಾರದ ರಾಜಕೀಯ ಸುದ್ದಿಗೂ ಅದು ಹರಡಿತ್ತು. ನನಗೆ ಎಲ್ಲಕ್ಕಿಂತ ಸಂತೋಷ ಕೊಟ್ಟ ಅಂಶ ಬೇರೆ. ಪಾಠವನ್ನೇ ಕೇಳದ ತಂದೆತಾಯಿಯರಲ್ಲೂ ಪ್ರಯೋಜನ ಕಂಡಿತ್ತು. ಮಕ್ಕಳು ಮನೆಗೆ ಹೋಗಿ ಹೇಳಿಕೊಟ್ಟಿದ್ದರು.

ಎರಡು ಅಧ್ಯಯನಗಳ ನಡುವೆ ವಯಸ್ಸು, ವಿಷಯ, ಕಾಲಾವಧಿ ಮೂರೂ ಬೇರೆಯಾಗಿರುವುದರಿಂದ ಫಲಿತಾಂಶದ ವ್ಯತ್ಯಾಸವನ್ನು ಒಂದೇ ಕಾರಣದ ತಲೆಗೆ ಕಟ್ಟಲಾಗದು. ಆದರೂ ಶಿಕ್ಷಕರಾದ ನಮಗೆ ಮರುಕಳಿಕೆಯ ಬೆಲೆ ಗೊತ್ತು. ಒಂದೇ ದಿನದಲ್ಲಿ ಮಗ್ಗಿ ಬಾಯಿಪಾಠ ಮಾಡಿಸಿ ಮರೆತುಬಿಡುವ ಗಣಿತ ಶಿಕ್ಷಕರನ್ನು ನಾನು ನೋಡಿಲ್ಲ. ಆದ್ದರಿಂದ ಈ ವಿಚಾರದಲ್ಲಿ ನನ್ನ ಆಯ್ಕೆ ಖಚಿತ: ಆರು ತಾಸು ಸಿಗುವುದಾದರೆ ಅದನ್ನು ಒಂದು ಶನಿವಾರಕ್ಕೆ ಸುರಿಯಬೇಡಿ, ನಾಲ್ಕು ತಿಂಗಳಿಗೆ ಹಂಚಿ. ಕಾರ್ಯಾಗಾರ ಬೇಕೇ ಬೇಕು ಎಂದಾದರೆ ಅದನ್ನು ಮಕ್ಕಳಿಗಿಂತ ಶಿಕ್ಷಕರಿಗೆ ಮಾಡಿಸುವುದು ಮೇಲು. ಒಬ್ಬ ಶಿಕ್ಷಕಿ ಕಲಿತರೆ ಅದು ಪ್ರತಿ ವರ್ಷದ ತರಗತಿಗೂ ತಲುಪುತ್ತದೆ.

ಪ್ರತ್ಯೇಕ ಅವಧಿಯೋ, ಇರುವ ಪಾಠದೊಳಗೋ?

ಫಿನ್ಲೆಂಡಿನಲ್ಲಿ 2016ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಪಠ್ಯಕ್ರಮ ಮಾಧ್ಯಮ ಸಾಕ್ಷರತೆಯನ್ನು ಪ್ರತ್ಯೇಕ ವಿಷಯವನ್ನಾಗಿ ಮಾಡಲಿಲ್ಲ. ಬಗೆಬಗೆಯ ಪಠ್ಯ, ಚಿತ್ರ, ಅಂಕಿಅಂಶಗಳನ್ನು ಓದಿ ತೂಗುವ ಸಾಮರ್ಥ್ಯ ಎಲ್ಲ ವಿಷಯಗಳ ಶಿಕ್ಷಕರ ಹೊಣೆ ಎಂದಿತು. ನೆರೆಯ ಕೇರಳದ ದಾರಿ ಬೇರೆ. ಕಣ್ಣೂರು ಜಿಲ್ಲಾಡಳಿತ 2018ರಲ್ಲಿ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ‘ಸತ್ಯಮೇವ ಜಯತೇ’ ಎಂಬ ಹೆಸರಿನಲ್ಲಿ ಈ ಪಾಠ ಶುರು ಮಾಡಿತು. ದಡಾರ ಮತ್ತು ರುಬೆಲ್ಲಾ ಲಸಿಕೆಯ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿದ ಸುಳ್ಳುಗಳಿಂದ ಪೋಷಕರು ಹಿಂಜರಿದದ್ದು ಅದಕ್ಕೆ ಒಂದು ಪ್ರೇರಣೆ. ಮುಂದೆ ರಾಜ್ಯ ಸರ್ಕಾರವೇ ಅದೇ ಹೆಸರಿನಲ್ಲಿ ಲಕ್ಷಾಂತರ ಮಕ್ಕಳಿಗೆ ತರಬೇತಿ ಕೊಟ್ಟಿತು, 2024ರಲ್ಲಿ ಐದು ಮತ್ತು ಏಳನೇ ತರಗತಿಯ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಪಠ್ಯಪುಸ್ತಕಗಳಿಗೆ ಸುಳ್ಳು ಸುದ್ದಿಯ ಪಾಠವನ್ನು ಸೇರಿಸಿತು.

ಪ್ರತ್ಯೇಕ ಅವಧಿಯ ಲಾಭವೆಂದರೆ ಪಾಠ ನಡೆದಿದೆಯೋ ಇಲ್ಲವೋ ಎಂಬುದು ಗೊತ್ತಾಗುತ್ತದೆ. ಎಲ್ಲರ ಹೊಣೆ ಎಂದದ್ದು ಯಾರೂ ಮಾಡದ ಕೆಲಸವಾಗಿಬಿಡುವ ಅಪಾಯ ಫಿನ್ಲೆಂಡ್ ಮಾದರಿಯಲ್ಲಿದೆ. ಅಲ್ಲಿ ಶಿಕ್ಷಕರ ತರಬೇತಿ ಅದನ್ನು ತಡೆಯುತ್ತದೆ. ಇಲ್ಲಿ ನಮ್ಮ ಶಾಲೆಗಳ ವೇಳಾಪಟ್ಟಿಯಲ್ಲಿ ಹೊಸ ಅವಧಿ ಬಂತೆಂದರೆ ಅದು ದೈಹಿಕ ಶಿಕ್ಷಣದ್ದನ್ನೋ ಚಿತ್ರಕಲೆಯದ್ದನ್ನೋ ನುಂಗುತ್ತದೆ, ಡಿಸೆಂಬರ್ ದಾಟಿತೆಂದರೆ ಅದನ್ನೂ ಹತ್ತನೇ ತರಗತಿಯ ಪುನರಾವರ್ತನೆ ನುಂಗುತ್ತದೆ. ಹೀಗಾಗಿ ಸರ್ಕಾರದಿಂದ ಆದೇಶ ಬರುವವರೆಗೂ ಪಾಠದೊಳಗೆ ಸೇರಿಸುವುದೇ ಗಟ್ಟಿ ದಾರಿ. ಒಬ್ಬರೇ ಎಲ್ಲವನ್ನೂ ಹೊರುವುದೂ ಬೇಡ.

ವಿಜ್ಞಾನದಲ್ಲಿ ರೋಗನಿರೋಧಕ ಶಕ್ತಿಯ ಪಾಠ ಬಂದಾಗ, 2017ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲೇ ನಡೆದ ದಡಾರ ರುಬೆಲ್ಲಾ ಅಭಿಯಾನವನ್ನು ತೆಗೆದುಕೊಳ್ಳಬಹುದು. ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಲಸಿಕೆ ಹಾಕಿದಾಗ ಏನೇನು ವದಂತಿ ಹಬ್ಬಿತ್ತು ಎಂದು ಮನೆಯಲ್ಲಿ ಕೇಳಿಕೊಂಡು ಬರಲು ಹೇಳಿದರೆ ಪಾಠ ಅರ್ಧ ಅಲ್ಲೇ ಆಗುತ್ತದೆ. ಭೂಗೋಳಕ್ಕೆ, ದೀಪಾವಳಿಯ ರಾತ್ರಿ ಬಾಹ್ಯಾಕಾಶದಿಂದ ನಾಸಾ ತೆಗೆದದ್ದು ಎಂದು ಪ್ರತಿ ವರ್ಷ ತಪ್ಪದೆ ಬರುವ ಬಣ್ಣಬಣ್ಣದ ಭಾರತದ ಚಿತ್ರವಿದೆ. ಅದು ಹಲವು ವರ್ಷಗಳ ಉಪಗ್ರಹ ಚಿತ್ರಗಳನ್ನು ಜೋಡಿಸಿ ಮಾಡಿದ್ದು. 1992, 1998, 2003ರಲ್ಲಿ ಹೊಸದಾಗಿ ಕಾಣಿಸಿಕೊಂಡ ದೀಪಗಳಿಗೆ ಒಂದೊಂದು ಬಣ್ಣ ಕೊಟ್ಟು ಜನವಸತಿ ಹೇಗೆ ಬೆಳೆಯಿತು ಎಂದು ತೋರಿಸುವ ನಕ್ಷೆ. ನಾಸಾ 2012ರಲ್ಲೇ ಇದನ್ನು ವಿವರಿಸಿತು, ಆ ವರ್ಷದ ದೀಪಾವಳಿಯ ನಿಜವಾದ ಚಿತ್ರವನ್ನೂ ಪ್ರಕಟಿಸಿತು. ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಸುಳ್ಳನ್ನು ಬಿಡಿಸಿದಾಗ ನಗರೀಕರಣದ ಪಾಠವೇ ಸಿಗುವುದು ಈ ಉದಾಹರಣೆಯ ಸೊಗಸು.

ಕನ್ನಡ ಶಿಕ್ಷಕರ ಕೈಯಲ್ಲಿ ಇನ್ನೂ ಹರಿತವಾದ ಉಪಕರಣವಿದೆ. ಕರ್ಮಣಿ ಪ್ರಯೋಗವನ್ನು ಕಲಿಸುವಾಗ ಪತ್ರಿಕೆಯಿಂದಲೇ ವಾಕ್ಯಗಳನ್ನು ಎತ್ತಿ ಕೊಡಿ. ‘ಎನ್ನಲಾಗಿದೆ’, ‘ಹೇಳಲಾಗುತ್ತಿದೆ’ ಎಂದು ಮುಗಿಯುವ ವಾಕ್ಯಗಳನ್ನು ಕರ್ತರಿಗೆ ತಿರುಗಿಸಲು ಹೇಳಿ. ತಿರುಗಿಸಬೇಕಾದರೆ ಕರ್ತೃ ಬೇಕು. ಯಾರು ಎನ್ನುತ್ತಾರೆ, ಯಾರು ಹೇಳಿದರು? ವರದಿಯನ್ನು ಮತ್ತೆ ಓದಿದರೂ ಆ ಕರ್ತೃ ಸಿಗದಿದ್ದಾಗ ಮಕ್ಕಳು ಮುಖಮುಖ ನೋಡಿಕೊಳ್ಳುತ್ತಾರೆ. ವ್ಯಾಕರಣವೂ ಆಯಿತು, ಸುದ್ದಿಯ ಮೂಲವನ್ನು ಕೇಳುವುದೂ ಆಯಿತು. ಇದಕ್ಕೆ ಬೇರೆ ಅವಧಿಯನ್ನು ಯಾರೂ ಕೊಡಬೇಕಿಲ್ಲ.

ಪತ್ರಿಕೆಯೋ, ಪರದೆಯೋ?

ಮಕ್ಕಳು ಪತ್ರಿಕೆಯನ್ನೇ ಓದುವುದಿಲ್ಲ, ಅದರಲ್ಲಿ ಕಲಿಸಿ ಏನು ಪ್ರಯೋಜನ ಎಂಬ ಆಕ್ಷೇಪ ಸರಿಯಾದದ್ದೇ. ಅವರಿಗೆ ಸುದ್ದಿ ತಲುಪುವುದು ರೀಲ್ಸ್‌ನಿಂದ, ಯೂಟ್ಯೂಬ್‌ನಿಂದ, ಮನೆಯವರ ವಾಟ್ಸ್‌ಆ್ಯಪ್ ಗುಂಪಿನಿಂದ. ಆದರೂ ಮೊದಲ ಪಾಠಕ್ಕೆ ನಾನು ಪತ್ರಿಕೆಯನ್ನೇ ಹಿಡಿಯುತ್ತೇನೆ. ಶಾಲೆಯಲ್ಲಿ ಮಕ್ಕಳ ಕೈಗೆ ಮೊಬೈಲ್ ಕೊಡುವಂತಿಲ್ಲ ಎಂಬುದು ಒಂದು ಕಾರಣ. ಇನ್ನೊಂದು, ಪತ್ರಿಕೆಯಲ್ಲಿ ಸುದ್ದಿಯ ಅಂಗಾಂಗಗಳೆಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ಸುದ್ದಿ ಎಲ್ಲಿ, ಅಭಿಪ್ರಾಯ ಎಲ್ಲಿ, ಜಾಹೀರಾತು ಎಲ್ಲಿ ಎಂಬುದಕ್ಕೆ ಅಲ್ಲಿ ಜಾಗ ಗೊತ್ತಾಗಿದೆ. ಪರದೆಯ ಮೇಲೆ ಮೂರೂ ಒಂದೇ ಚೌಕದಲ್ಲಿ, ಒಂದೇ ಅಳತೆಯಲ್ಲಿ ಬರುತ್ತವೆ.

ಕೊನೆಯ ಪುಟದ ತಳವನ್ನು ನೋಡಲು ಹೇಳಿ. ಕಣ್ಣು ಕಿರಿದಾಗಿಸಿ ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ ಒಂದೆರಡು ಸಾಲುಗಳಿರುತ್ತವೆ. ಮುದ್ರಕರು ಯಾರು, ಪ್ರಕಾಶಕರು ಯಾರು, ಯಾವ ಮುದ್ರಣಾಲಯದಲ್ಲಿ ಅಚ್ಚಾಯಿತು, ಸಂಪಾದಕರ ಹೆಸರೇನು, ವಿಳಾಸ ಯಾವುದು, ನೋಂದಣಿ ಸಂಖ್ಯೆ ಎಷ್ಟು. 1867ರ ಕಾಯಿದೆಯ ಕಾಲದಿಂದಲೂ ಮುದ್ರಕ, ಪ್ರಕಾಶಕರ ಹೆಸರು ಹಾಕುವುದು ಕಡ್ಡಾಯ. 2024ರ ಮಾರ್ಚ್‌ನಿಂದ ಅದರ ಬದಲಿಗೆ ಹೊಸ ನಿಯತಕಾಲಿಕೆಗಳ ನೋಂದಣಿ ಕಾಯಿದೆ ಜಾರಿಯಲ್ಲಿದೆ. ಮಕ್ಕಳನ್ನು ಕೇಳಿ: ಈ ಪತ್ರಿಕೆ ನಿನ್ನ ಬಗ್ಗೆ ಸುಳ್ಳು ಬರೆದರೆ ಯಾರನ್ನು ಹಿಡಿಯುತ್ತೀಯಾ? ಬೆರಳು ಆ ಸಾಲಿನ ಮೇಲೆ ಹೋಗುತ್ತದೆ. ಈಗ ಒಂದು ಫಾರ್ವರ್ಡ್ ಸಂದೇಶವನ್ನು ಹಾಳೆಯಲ್ಲಿ ಮುದ್ರಿಸಿ ಪಕ್ಕದಲ್ಲಿಡಿ. ಅದೇ ಪ್ರಶ್ನೆ ಕೇಳಿ. ‘ಎಲ್ಲರಿಗೂ ತಿಳಿಸಿ’ ಎಂಬ ಕೊನೆಯ ಸಾಲಿನ ಆಚೆ ಅಲ್ಲಿ ಏನೂ ಇಲ್ಲ. ಹೊಣೆ ಹೊತ್ತ ಮಾತಿಗೂ ಹೊಣೆ ಇಲ್ಲದ ಮಾತಿಗೂ ಇರುವ ಅಂತರವನ್ನು ಇದಕ್ಕಿಂತ ಸಲೀಸಾಗಿ ತೋರಿಸುವ ಪಾಠ ನನಗೆ ಸಿಕ್ಕಿಲ್ಲ.

ಹೆಸರು ವಿಳಾಸ ಇದ್ದ ಮಾತ್ರಕ್ಕೆ ಪತ್ರಿಕೆ ಹೇಳಿದ್ದೆಲ್ಲ ನಿಜ ಎಂಬ ಭಾವನೆ ಬರಬಾರದು. ಕಾಸು ಪಡೆದು ಹಾಕಿದ್ದನ್ನು ಸುದ್ದಿಯಂತೆ ತೋರಿಸುವುದು ನಮ್ಮ ದೇಶದಲ್ಲಿ ಪತ್ರಿಕಾ ಮಂಡಳಿಯೇ ವರದಿ ಮಾಡಬೇಕಾದಷ್ಟು ಬೆಳೆದ ರೋಗ. ಆದ್ದರಿಂದ ಎರಡನೇ ಪಾಠಕ್ಕೆ ಒಂದೇ ದಿನದ ಎರಡು ಪತ್ರಿಕೆಗಳು ಬೇಕು. ಒಂದೇ ಘಟನೆಗೆ ಇಬ್ಬರೂ ಕೊಟ್ಟ ತಲೆಬರಹ, ಯಾರ ಫೋಟೊ ದೊಡ್ಡದು, ಯಾವ ಪುಟದಲ್ಲಿ ಬಂದಿದೆ, ಯಾರನ್ನು ಮಾತನಾಡಿಸಿದ್ದಾರೆ, ಯಾರನ್ನು ಬಿಟ್ಟಿದ್ದಾರೆ ಎಂದು ಸಾಲುಸಾಲಾಗಿ ಬರೆಸಿ. ಎಷ್ಟೋ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಒಬ್ಬ ವಿದ್ಯಾರ್ಥಿ ಪತ್ರಿಕೆಯ ತಲೆಬರಹಗಳನ್ನು ಓದುವ ರೂಢಿಯಿದೆ. ವಾರಕ್ಕೊಮ್ಮೆ ಇಬ್ಬರನ್ನು ನಿಲ್ಲಿಸಿ ಎರಡು ಪತ್ರಿಕೆಗಳ ತಲೆಬರಹ ಓದಿಸಿದರೆ ಇಡೀ ಶಾಲೆಗೆ ಐದೇ ನಿಮಿಷದ ಪಾಠವಾಗುತ್ತದೆ.

ಪತ್ರಿಕೆಯ ಹಂತ ಈ ಎರಡು ಪಾಠಗಳಿಗೆ ಮುಗಿಯಬೇಕು. ಅಲ್ಲೇ ನಿಂತರೆ ಮಕ್ಕಳ ದಿನನಿತ್ಯದ ಲೋಕಕ್ಕೂ ನಮ್ಮ ಪಾಠಕ್ಕೂ ಸಂಬಂಧವಿಲ್ಲದಂತಾಗುತ್ತದೆ. ಪರದೆಗೆ ಹೋಗಲೇಬೇಕು. ಹೋದಾಗ ಏನು ಮಾಡಿಸಬೇಕು ಎಂಬುದು ಮುಂದಿನ ಆಯ್ಕೆ. ಇಡೀ ಹೋಲಿಕೆಯಲ್ಲಿ ಮುಖ್ಯವಾದದ್ದು ಇದೇ.

ಪರಿಶೀಲನಾ ಪಟ್ಟಿಯೋ, ಪಕ್ಕಕ್ಕೆ ಸರಿದು ಓದುವುದೋ?

ಹಳೆಯ ವಿಧಾನ ಪಟ್ಟಿಯದು. ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯವೊಂದರ ಗ್ರಂಥಪಾಲಕಿ 2004ರಲ್ಲಿ ರೂಪಿಸಿದ ಪಟ್ಟಿಯ ಮಾದರಿ ಜಗತ್ತಿನ ಎಲ್ಲೆಡೆ ನಕಲಾಗಿದೆ: ಮಾಹಿತಿ ಹೊಸದೇ, ಸಂಬಂಧಪಟ್ಟದ್ದೇ, ಬರೆದವರು ಯಾರು, ನಿಖರವಾಗಿದೆಯೇ, ಉದ್ದೇಶವೇನು ಎಂದು ಪುಟವನ್ನು ನೋಡುತ್ತಾ ಗುರುತು ಹಾಕುತ್ತಾ ಹೋಗುವುದು. ಶಿಕ್ಷಕರಿಗೆ ಇದು ಹಿತ, ಏಕೆಂದರೆ ಅಂಕ ಕೊಡಲು ಸುಲಭ. ತೊಂದರೆಯೆಂದರೆ, ಆ ಪುಟ ತನ್ನ ಬಗ್ಗೆ ತಾನೇ ಹೇಳಿಕೊಂಡದ್ದನ್ನು ನಂಬಿ ನಾವು ಗುರುತು ಹಾಕುತ್ತಿರುತ್ತೇವೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರಾದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಇತಿಹಾಸದ ಹತ್ತು ಮಂದಿ ವಿದ್ವಾಂಸರು, ಹತ್ತು ಮಂದಿ ವೃತ್ತಿಪರ ಫ್ಯಾಕ್ಟ್‌ಚೆಕರ್‌ಗಳು ಮತ್ತು ಇಪ್ಪತ್ತೈದು ವಿದ್ಯಾರ್ಥಿಗಳ ಮುಂದೆ ಒಂದೇ ಬಗೆಯ ತಾಣಗಳನ್ನಿಟ್ಟು ನೋಡಿದರು. ಅಮೆರಿಕದ ಮಕ್ಕಳ ತಜ್ಞರ ದೊಡ್ಡ, ಹಳೆಯ ಸಂಘದ ತಾಣ ಒಂದು. ಅದರಿಂದ 2002ರಲ್ಲಿ ಬೇರೆಯಾದ, ಹೆಸರಿನಲ್ಲಿ ಅದನ್ನೇ ಹೋಲುವ ಸಣ್ಣ ಗುಂಪಿನ ತಾಣ ಇನ್ನೊಂದು. ವಿದ್ಯಾರ್ಥಿಗಳೂ ಅನೇಕ ವಿದ್ವಾಂಸರೂ ಆ ಸಣ್ಣ ಗುಂಪಿನ ಪುಟದೊಳಗೇ ಉಳಿದು, ಲಾಂಛನ, ವಿನ್ಯಾಸ, ಉಲ್ಲೇಖಗಳನ್ನು ಮೇಲಿಂದ ಕೆಳಗೆ ಓದಿ ಮೋಸಹೋದರು. ಫ್ಯಾಕ್ಟ್‌ಚೆಕರ್‌ಗಳು ಪುಟವನ್ನು ಓದುವ ಗೋಜಿಗೇ ಹೋಗದೆ ಹೊಸ ಟ್ಯಾಬ್ ತೆರೆದು, ಈ ಸಂಘದ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ನೋಡಿದರು, ಬೇಗನೆ ಸರಿಯಾದ ತೀರ್ಮಾನಕ್ಕೆ ಬಂದರು. ಪಕ್ಕಕ್ಕೆ ಸರಿದು ಓದುವುದೆಂದರೆ ಇದೇ. ಇದನ್ನು ಕಲಿಸಬಹುದೇ ಎಂದು ಅಮೆರಿಕದ ನೆಬ್ರಾಸ್ಕಾ ರಾಜ್ಯದ ಲಿಂಕನ್ ನಗರದ ಪ್ರೌಢಶಾಲೆಗಳಲ್ಲಿ 499 ಮಕ್ಕಳೊಂದಿಗೆ ಪರೀಕ್ಷಿಸಿದಾಗ, ಐವತ್ತು ನಿಮಿಷದ ಆರು ಪಾಠಗಳು ಸಾಕಾದವು.

ನಮ್ಮ ತರಗತಿಗೆ ಇದನ್ನು ಇಳಿಸಲು ಹತ್ತು ರೂಪಾಯಿಯ ನಾಣ್ಯ ಸಾಕು. ಈ ನಾಣ್ಯ ನಡೆಯುವುದಿಲ್ಲ ಎಂಬ ವದಂತಿಯಿಂದ ಕರ್ನಾಟಕದ ಎಷ್ಟೋ ಊರುಗಳಲ್ಲಿ ಅಂಗಡಿಯವರು ಅದನ್ನು ಮುಟ್ಟುತ್ತಿರಲಿಲ್ಲ. ಮೇಲೆ ಹತ್ತು ಗೆರೆ ಇರುವುದು ಅಸಲಿ, ಹದಿನೈದು ಗೆರೆ ಇರುವುದು ನಕಲಿ, ರೂಪಾಯಿ ಚಿಹ್ನೆ ಇಲ್ಲದ್ದು ನಕಲಿ ಎಂಬುದು ಫಾರ್ವರ್ಡ್‌ನ ಸಾರ. ಬೇರೆ ಬೇರೆ ನಾಣ್ಯಗಳನ್ನು ಕೊಟ್ಟು ಮಕ್ಕಳಿಗೆ ಆ ಸಂದೇಶವನ್ನು ಓದಿಸಿ. ಅವರು ಗೆರೆ ಎಣಿಸುತ್ತಾರೆ. ಒಂದರಲ್ಲಿ ಹತ್ತು, ಇನ್ನೊಂದರಲ್ಲಿ ಹದಿನೈದು ನಿಜವಾಗಿಯೂ ಇರುತ್ತದೆ. ಒಂದರಲ್ಲಿ ಚಿಹ್ನೆ ಇದೆ, ಒಂದರಲ್ಲಿ ಇಲ್ಲ. ಹತ್ತಿರದಿಂದ ನೋಡಿದಷ್ಟೂ ಸುಳ್ಳು ಗಟ್ಟಿಯಾಗುತ್ತದೆ, ಏಕೆಂದರೆ ಸಂದೇಶ ಹೇಳಿದ ವ್ಯತ್ಯಾಸಗಳೆಲ್ಲ ಕಣ್ಣೆದುರಿಗೇ ಇವೆ. ಜಾಣ ಮಕ್ಕಳೇ ಇಲ್ಲಿ ಮೊದಲು ಬೀಳುತ್ತಾರೆ.

ಆಗ ನಾಣ್ಯವನ್ನು ಮೇಜಿನ ಮೇಲಿಡಲು ಹೇಳಿ. ನಾಣ್ಯವನ್ನು ಟಂಕಿಸುವವರು ಯಾರು, ಚಲಾವಣೆಗೆ ಬಿಡುವವರು ಯಾರು ಎಂದು ಕೇಳಿ. ಒಂಬತ್ತನೇ ತರಗತಿಯ ಮಕ್ಕಳಿಗೆ ಉತ್ತರ ಹೊಳೆಯುತ್ತದೆ: ಸರ್ಕಾರದ ಟಂಕಸಾಲೆ, ರಿಸರ್ವ್ ಬ್ಯಾಂಕ್. ಹಾಗಾದರೆ ರಿಸರ್ವ್ ಬ್ಯಾಂಕ್ ಏನು ಹೇಳಿದೆ? 2018ರ ಜನವರಿಯ ಅದರ ಪ್ರಕಟಣೆಯಲ್ಲಿ ಹತ್ತು ರೂಪಾಯಿ ನಾಣ್ಯಗಳನ್ನು ಅಲ್ಲಿಯವರೆಗೆ 14 ವಿನ್ಯಾಸಗಳಲ್ಲಿ ಹೊರಡಿಸಲಾಗಿದೆ, ಎಲ್ಲವೂ ಮಾನ್ಯ ಎಂದಿದೆ. ರೂಪಾಯಿ ಚಿಹ್ನೆ ನಾಣ್ಯಗಳ ಮೇಲೆ ಬಂದದ್ದೇ 2011ರಲ್ಲಿ, ಅದಕ್ಕೂ ಮೊದಲಿನ ನಾಣ್ಯದಲ್ಲಿ ಇರುವುದಾದರೂ ಹೇಗೆ? ಗೆರೆಗಳನ್ನು ಎಷ್ಟು ಹೊತ್ತು ಎಣಿಸಿದರೂ ಸಿಗದ ಉತ್ತರ, ನಾಣ್ಯದಿಂದ ಕಣ್ಣು ತೆಗೆದು ಬೇರೆಡೆ ಕೇಳಿದಾಗ ಎರಡು ನಿಮಿಷದಲ್ಲಿ ಸಿಕ್ಕಿತು.

ಚಿತ್ರಗಳನ್ನೇ ಸೃಷ್ಟಿಸುವ ಎಐ (ಕೃತಕ ಬುದ್ಧಿಮತ್ತೆ) ಬಂದ ಮೇಲೆ ಈ ವಿಧಾನದ ಬೆಲೆ ಇನ್ನೂ ಏರಿದೆ. ಚಿತ್ರದಲ್ಲಿ ಆರು ಬೆರಳಿದೆಯೇ, ನೆರಳು ಸರಿಯಾಗಿ ಬಿದ್ದಿದೆಯೇ ಎಂದು ಹುಡುಕುವುದನ್ನು ಕಲಿಸಿದರೆ, ಆ ಪಾಠ ಮುಂದಿನ ವರ್ಷಕ್ಕೆ ಹಳಸುತ್ತದೆ. ತಂತ್ರಜ್ಞಾನ ಬೆರಳನ್ನು ಸರಿಮಾಡಿಕೊಳ್ಳುತ್ತದೆ. ಇದನ್ನು ಮೊದಲು ಹಾಕಿದವರು ಯಾರು, ಬೇರೆ ಯಾರಾದರೂ ವರದಿ ಮಾಡಿದ್ದಾರೆಯೇ ಎಂಬ ಪ್ರಶ್ನೆಗಳು ಹಳಸುವುದಿಲ್ಲ.

ಇಂಟರ್ನೆಟ್ ಇಲ್ಲದ ಶಾಲೆಯಲ್ಲೂ ಇದನ್ನು ಕಾಗದದ ಮೇಲೆ ಮಾಡಬಹುದು. ಒಂದು ಫಾರ್ವರ್ಡ್, ಅದಕ್ಕೆ ಸಂಬಂಧಿಸಿದ ಇಲಾಖೆಯ ಪ್ರಕಟಣೆ, ಒಂದು ಪತ್ರಿಕಾ ವರದಿ, ಒಂದು ಫ್ಯಾಕ್ಟ್‌ಚೆಕ್ ತಾಣದ ಪುಟ, ಹೀಗೆ ನಾಲ್ಕು ಹಾಳೆಗಳನ್ನು ಮುದ್ರಿಸಿ ಗುಂಪಿಗೊಂದು ಕಟ್ಟು ಕೊಟ್ಟರೆ ಆಯಿತು. ಯಾವ ಹಾಳೆಯನ್ನು ಮೊದಲು ಓದಿದಿರಿ, ಏಕೆ ಎಂದು ಕೇಳುವುದನ್ನು ಮಾತ್ರ ಮರೆಯಬಾರದು. ಪಟ್ಟಿಯನ್ನು ಪೂರ್ತಿ ಎಸೆಯಬೇಕೆಂದೂ ಇಲ್ಲ. ಐದನೇ, ಆರನೇ ತರಗತಿಯ ಮಕ್ಕಳಿಗೆ ಯಾರು, ಯಾವಾಗ, ಎಲ್ಲಿ ಎಂಬ ಮೂರು ಪ್ರಶ್ನೆಗಳ ಪುಟ್ಟ ಪಟ್ಟಿ ಒಳ್ಳೆಯ ಆರಂಭ. ದೊಡ್ಡ ಮಕ್ಕಳನ್ನು ಅಲ್ಲೇ ನಿಲ್ಲಿಸಬಾರದು.

ಆಟ ಮತ್ತು ಗೋಡೆ ಪತ್ರಿಕೆ

ಆಟದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 2018ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಡಚ್ ತಂಡವೊಂದರ ಜೊತೆ ಸೇರಿ ‘ಬ್ಯಾಡ್ ನ್ಯೂಸ್’ ಎಂಬ ಆಟವನ್ನು ಹೊರತಂದರು. ಆಡುವವರೇ ಸುಳ್ಳು ಸುದ್ದಿ ಹಬ್ಬಿಸುವವರ ಪಾತ್ರ ವಹಿಸಿ ಅವರ ತಂತ್ರಗಳನ್ನು ಅರಿಯುತ್ತಾರೆ. ಪಶ್ಚಿಮದ ದೇಶಗಳಲ್ಲಿ ಒಳ್ಳೆಯ ಫಲಿತಾಂಶ ಬಂತು. ಇದೇ ತತ್ವದ ಆಟವನ್ನು ಉತ್ತರ ಭಾರತದಲ್ಲಿ ಹಿಂದಿಯಲ್ಲಿ ಪ್ರಯೋಗಿಸಿದಾಗ ಪರಿಣಾಮ ಕಾಣಲಿಲ್ಲ. ಕನ್ನಡ ಶಾಲೆಯ ಮಟ್ಟಿಗೆ ಆಟ ರುಚಿಗೆ ಸರಿ, ಊಟಕ್ಕೆ ಸಾಲದು. ಸುಳ್ಳು ತಯಾರಿಸುವ ಅಭ್ಯಾಸವನ್ನು ಕಾಗದದ ಮೇಲೆ ಮಾಡಿಸುವುದಾದರೆ ಅವಧಿ ಮುಗಿಯುವ ಮೊದಲು ಆ ಕಾಗದಗಳನ್ನು ತರಗತಿಯಲ್ಲೇ ಹರಿದುಹಾಕಿಸಿ. ಹೊರಗೆ ಹೋಗಲೇಬಾರದು.

ಗೋಡೆ ಪತ್ರಿಕೆ ಇದಕ್ಕೆ ತದ್ವಿರುದ್ಧ. ನಿಧಾನ, ಶ್ರಮದ ಕೆಲಸ, ಆದರೆ ಬೇರು ಆಳಕ್ಕೆ ಇಳಿಯುತ್ತದೆ. ಬಿಸಿಯೂಟದ ಅಡುಗೆಮನೆ, ಶಾಲೆಯ ನೀರಿನ ಟ್ಯಾಂಕು, ಊರಿನ ಬಸ್ಸಿನ ವೇಳೆ, ಇಂಥ ವಿಷಯಗಳೇ ಸಾಕು. ಮೂರು ಕಟ್ಟಳೆಗಳನ್ನು ಬಿಗಿಯಾಗಿ ಹಿಡಿಯಿರಿ. ಯಾರು ಹೇಳಿದರೆಂಬ ಹೆಸರಿಲ್ಲದೆ ಒಂದು ವಾಕ್ಯವೂ ಬರಬಾರದು. ಆರೋಪ ಯಾರ ಮೇಲಿದೆಯೋ ಅವರನ್ನು ಮಾತನಾಡಿಸಿರಬೇಕು. ತಪ್ಪಾದರೆ ಮುಂದಿನ ಸಂಚಿಕೆಯಲ್ಲಿ ಅದೇ ಜಾಗದಲ್ಲಿ ತಿದ್ದುಪಡಿ ಹಾಕಬೇಕು. ಅಡುಗೆಯವರನ್ನು ಮಾತನಾಡಿಸದೆ ‘ಸಾಂಬಾರು ನೀರಾಗಿದೆ’ ಎಂದು ಬರೆದ ಗುಂಪು, ಮಾತನಾಡಿಸಿ ಬಂದ ಮೇಲೆ ತೊಗರಿಬೇಳೆ ಬರುವುದು ತಡವಾದ ಸಂಗತಿಯನ್ನು ಬರೆಯುತ್ತದೆ. ಸುದ್ದಿ ಮಾಡುವುದು ಎಷ್ಟು ಕಷ್ಟ ಎಂದು ಒಮ್ಮೆ ಅರಿತ ಮಗು, ಸುಲಭವಾಗಿ ಬಂದ ಸುದ್ದಿಯನ್ನು ತಡೆದು ನೋಡುತ್ತದೆ. ಇದನ್ನು ಎಂಟನೇ ತರಗತಿಗೆ ಇಡುವುದು ಉತ್ತಮ. ಹತ್ತನೇ ತರಗತಿಯವರಿಗೆ ಇಷ್ಟು ಸಮಯ ಸಿಗುವುದಿಲ್ಲ.

ಯಾವ ಉದಾಹರಣೆ, ಯಾವ ಅಳತೆ?

ವಿಧಾನ ಯಾವುದೇ ಇರಲಿ, ಉದಾಹರಣೆಯ ಆಯ್ಕೆ ತಪ್ಪಿದರೆ ಪಾಠ ಕೆಡುತ್ತದೆ. ಚುನಾವಣೆ, ಧರ್ಮ, ಜಾತಿಯ ಸುಳ್ಳುಗಳಿಂದ ಆರಂಭಿಸಿದರೆ ಮಕ್ಕಳು ಮನೆಯ ಪಕ್ಷ ಹಿಡಿಯುತ್ತಾರೆ, ಮರುದಿನ ಪೋಷಕರು ಬಾಗಿಲಲ್ಲಿ ನಿಲ್ಲುತ್ತಾರೆ. ಬಿಹಾರದ ಎರಡನೇ ಪ್ರಯೋಗ ಆರೋಗ್ಯವನ್ನು ಆರಿಸಿಕೊಂಡದ್ದರಲ್ಲಿ ಇಂಥ ವಿವೇಕ ಕಾಣುತ್ತದೆ. ನಾಣ್ಯ, ಲಸಿಕೆ, ದೀಪಾವಳಿ ಚಿತ್ರದಲ್ಲಿ ಕೈ ಪಳಗಿದ ಮೇಲೆ 2012ರ ವದಂತಿಯನ್ನು, 2018ರ ಕೊಲೆಗಳನ್ನು ಹತ್ತನೇ ತರಗತಿಯಲ್ಲಿ ಎತ್ತಿಕೊಳ್ಳಬಹುದು, ಎತ್ತಿಕೊಳ್ಳಲೇಬೇಕು.

ಅಭ್ಯಾಸಕ್ಕೆ ಕೊಡುವ ಸುದ್ದಿಗಳಲ್ಲಿ ಅರ್ಧದಷ್ಟಾದರೂ ನಿಜವಾದವು ಇರಲಿ. ಬರೀ ಸುಳ್ಳುಗಳನ್ನೇ ಕೊಟ್ಟರೆ ಎಲ್ಲಕ್ಕೂ ‘ಸುಳ್ಳು’ ಎಂದು ಬರೆದ ಮಗುವಿಗೆ ಪೂರ್ಣಾಂಕ ಬರುತ್ತದೆ, ಆ ಮಗು ಕಲಿತದ್ದು ಶೂನ್ಯ. ಸುಳ್ಳು ಸುದ್ದಿ ಗುರುತಿಸಲು ಫೇಸ್‌ಬುಕ್ ಕೊಟ್ಟ ಸಲಹಾ ಸೂತ್ರಗಳನ್ನು ಅಮೆರಿಕ ಮತ್ತು ಭಾರತದಲ್ಲಿ ಪರೀಕ್ಷಿಸಿದ 2020ರ ಅಧ್ಯಯನದಲ್ಲಿ, ಅಮೆರಿಕದವರಲ್ಲಿ ಸುಳ್ಳಿನ ಮೇಲಿನ ನಂಬಿಕೆ ಇಳಿದಾಗ ನಿಜ ಸುದ್ದಿಯ ಮೇಲಿನದ್ದೂ ತುಸು ಇಳಿದಿತ್ತು. ಅದೇ ಸೂತ್ರಗಳು ನಮ್ಮ ದೇಶದ ಹೆಚ್ಚು ಓದಿದ ಆನ್‌ಲೈನ್ ಬಳಕೆದಾರರಿಗೆ ನೆರವಾದವು, ಉತ್ತರ ಭಾರತದ ಹಳ್ಳಿಗಳವರಿಗೆ ನೆರವಾಗಲಿಲ್ಲ. ಗೋಡೆಗೆ ಸೂತ್ರಗಳ ಪೋಸ್ಟರ್ ಅಂಟಿಸಿ ಕೆಲಸ ಮುಗಿಯಿತು ಎನ್ನುವವರು ಇದನ್ನು ಗಮನಿಸಬೇಕು. ಯಾವುದನ್ನೂ ನಂಬದ ಮಗು ಎಲ್ಲವನ್ನೂ ನಂಬುವ ಮಗುವಿನಷ್ಟೇ ಅಪಾಯದಲ್ಲಿದೆ. ನಾಳೆ ನಿಜವಾದ ಪ್ರವಾಹದ ಎಚ್ಚರಿಕೆ ಬಂದಾಗ ಅದು ಕದಲುವುದಿಲ್ಲ.

ಮನೆಯ ಹಿರಿಯರ ಎದುರು ಈ ಕಲಿಕೆಯನ್ನು ಹೇಗೆ ಬಳಸಬೇಕು ಎಂಬುದನ್ನೂ ತರಗತಿಯಲ್ಲೇ ಆಡಿಸಿ ತೋರಿಸಿ. ‘ತಾತ, ನೀವು ಸುಳ್ಳು ಕಳಿಸಿದ್ದೀರಿ’ ಎಂದರೆ ಜಗಳ. ‘ತಾತ, ಇದನ್ನು ನಿಮಗೆ ಕಳಿಸಿದವರಿಗೆ ಹೇಗೆ ಗೊತ್ತಾಯಿತಂತೆ?’ ಎಂದರೆ ಮಾತುಕತೆ.

ಹಾಗಾದರೆ ನಿಮ್ಮ ಶಾಲೆಗೆ ಯಾವುದು? ಕಂಪ್ಯೂಟರ್ ಕೊಠಡಿ ಇದ್ದು ಇಂಟರ್ನೆಟ್ ಬರುತ್ತಿದ್ದರೆ, ಎರಡು ಪತ್ರಿಕೆ ಪಾಠ ಮುಗಿಸಿ ನೇರವಾಗಿ ಪಕ್ಕದ ಓದಿಗೆ ಹೋಗಿ. ಅದಿಲ್ಲದ ಹಳ್ಳಿಯ ಶಾಲೆಗೆ ಪತ್ರಿಕೆ, ಮುದ್ರಿತ ಹಾಳೆಗಳ ಕಟ್ಟು ಮತ್ತು ಗೋಡೆ ಪತ್ರಿಕೆ ಸಾಕು, ಅದರಿಂದ ಕಲಿಕೆ ಕಡಿಮೆಯಾಗುವುದಿಲ್ಲ. ಇಬ್ಬರೇ ಆಸಕ್ತ ಶಿಕ್ಷಕರಿದ್ದರೆ ಕನ್ನಡ ಮತ್ತು ಸಮಾಜ ವಿಜ್ಞಾನ ಎಂದು ಹಂಚಿಕೊಳ್ಳಿ. ಒಬ್ಬರೇ ಇದ್ದರೆ ನಾಲ್ಕೇ ಪಾಠಗಳನ್ನು ಇಟ್ಟುಕೊಳ್ಳಿ, ರೂಪಣಾತ್ಮಕ ಮೌಲ್ಯಮಾಪನದ ಒಂದು ಚಟುವಟಿಕೆಯಾಗಿ ಅದನ್ನು ಸೇರಿಸಿ. ಅಂಕ ಇದ್ದರೆ ಮುಖ್ಯ ಶಿಕ್ಷಕರೂ ಸಮಯ ಕೊಡುತ್ತಾರೆ, ಮಕ್ಕಳೂ ದಾಖಲೆ ಇಡುತ್ತಾರೆ.

ಆರಂಭಕ್ಕೆ ಜುಲೈ 1 ಒಳ್ಳೆಯ ದಿನ. 1843ರ ಅದೇ ದಿನ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದಿತು, ಅದರ ನೆನಪಿಗೆ ನಾವು ಪತ್ರಿಕಾ ದಿನವನ್ನು ಆಚರಿಸುತ್ತೇವೆ. ಶಾಲೆ ಆಗಷ್ಟೇ ಒಂದು ಲಯಕ್ಕೆ ಬಂದಿರುತ್ತದೆ. ಮೊದಲ ಪಾಠ ಆ ವಾರ, ಎರಡನೆಯದು ಜುಲೈ ಕೊನೆಗೆ, ಮೂರನೆಯದು ಆಗಸ್ಟ್ ಮೂರನೇ ವಾರ, ನಾಲ್ಕನೆಯದು ದಸರೆ ರಜೆಗೆ ಮೊದಲು. ನಡುವಿನ ದಿನಗಳಲ್ಲಿ ಮಕ್ಕಳು ತಂದುಕೊಡುವ ಫಾರ್ವರ್ಡ್‌ಗಳನ್ನು ಬರೆದಿಡಲು ಒಂದು ನೋಟ್‌ಬುಕ್ ಇಡಿ. ಎರಡನೇ ಪಾಠದಿಂದ ಮುಂದಕ್ಕೆ ಉದಾಹರಣೆಗಳನ್ನು ನೀವು ಹುಡುಕಬೇಕಾಗುವುದಿಲ್ಲ.